ಸಾಹುಕಾರರು ಗಾಡಿ ತಳ್ಳಿದ ದಿನ

"ಇಳಿಯಲೇ ಕೆಳಗೆ, ಬೋಳಿಮಗನೆ! ಸೀಟಿನ ಮ್ಯಾಲೆ ಕುಂದ್ರು ಅಂತ ಯಾವನಲೇ ಹೇಳ್ದ ನಿಂಗೆ?"

ಮೆಕ್ಯಾನಿಕ್ ಪರಶುರಾಮ್ ಇನ್ನೂ ಕೂತೇ ಇರಲಿಲ್ಲ. ಕೀಲಿ ತಿರುಗಿಸಿ ನೋಡೋಣವೆಂದು ಒಂದು ಕಾಲು ಒಳಗಿಟ್ಟಿದ್ದ, ಅಷ್ಟೇ. ಇಳಿದ. ಅವನು ಗುತ್ತೂರಿನ ಕೆಳಕೇರಿಯವನು. ಕೂಗಿದ ಕೊಟ್ಟೂರಪ್ಪನವರು ಕೆ.ಬಿ. ಬಡಾವಣೆಯ ಮೆಕ್ಕೆಜೋಳದ ಮಂಡಿ ಸಾಹುಕಾರರು. ಅವರ ಕಾರಿನ ಅಡಿಯಲ್ಲಿ ಅವನು ಎಷ್ಟು ಹೊತ್ತು ಬೇಕಾದರೂ ಮಲಗಬಹುದಿತ್ತು, ಒಳಗೆ ಕೂರುವಂತಿರಲಿಲ್ಲ.

"ಕುಂದ್ರದೆ ಕೀಲಿ ಹೆಂಗೆ ತಿರುವಲಿ ಸಾವ್ಕಾರ್ರೆ?"

"ಹೊರಗೆ ನಿಂತು ಕೈ ಹಾಕು. ನಿಮ್ ಜನದ ಕೈ ಉದ್ದ ಐತಲ್ಲ."

ಪರಶುರಾಮ್ ಬಾನೆಟ್ ಎತ್ತಿದ. ಬ್ಯಾಟರಿಯ ತುದಿಗಳಿಗೆ ಹಸಿರು-ಬಿಳಿ ಉಪ್ಪು ಹಿಡಿದಿತ್ತು. ಬಿಸಿನೀರು ಕೇಳಿದ. ಕೊಟ್ಟೂರಪ್ಪನವರ ಹೆಂಡತಿ ದ್ರಾಕ್ಷಾಯಣಮ್ಮ ಹೊಗೆಯಾಡುವ ಚೊಂಬು ತಂದರು.

"ಅದು ಅಡಿಗೆ ಮನೆ ಚೊಂಬು ಕಣೇ! ಬಚ್ಚಲದ ಮಗ್ಗಿನಾಗೆ ತಗಂಬಾ."

"ಯಾವ್ದಾದ್ರೂ ತರ್ರಿ ಅಮ್ಮಾರೆ. ಬ್ಯಾಟ್ರಿ ಏನೂ ಬ್ಯಾಡ ಅನ್ನಲ್ಲ" ಅಂದ ಪರಶುರಾಮ್. ಗ್ಯಾರೇಜಿನ ಜೊತೆಗಾರ ತಾರಿಕ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ.

ಬಿಸಿನೀರಿಗೆ ಉಪ್ಪು ಕರಗಿತು. ಒರೆಸಿ, ಬಿಗಿದು, ಮೇಲೆ ಒಂದಿಷ್ಟು ವ್ಯಾಸಲೀನ್ ಬಳಿದ. ಆದರೂ ಗಾಡಿ ಟಿಕ್ ಟಿಕ್ ಎಂದಿತೇ ಹೊರತು ಏಳಲಿಲ್ಲ. ಹಿಂದಿನ ದಿನ ಡ್ರೈವರ್ ಸಾಹುಕಾರರಿಂದ ಕಪಾಳಕ್ಕೆ ಏಟು ತಿಂದು, ಉರಿಯುತ್ತಿದ್ದ ಕಾರಿನ ದೀಪ ಆರಿಸದೆ ಮನೆಗೆ ಹೋಗಿಬಿಟ್ಟಿದ್ದ. ಬ್ಯಾಟರಿ ಇಳಿದಿತ್ತು.

"ತಳ್ಳಿ ಎಬ್ಬಿಸ್ಬೇಕು. ಕೀಲಿ ಆನ್ ಇರ್ಲಿ. ಎರಡನೇ ಗೇರು ಹಾಕಿ ಕ್ಲಚ್ ತುಳ್ಕಂಡು ಕುಂದ್ರಿ. ಓಟ ಬಂದ ಮ್ಯಾಲೆ ಗಪ್ಪನೆ ಬಿಡ್ರಿ."

ಮಧ್ಯಾಹ್ನದೊಳಗೆ ಹರಿಹರ ಮುಟ್ಟಬೇಕಿತ್ತು. ದ್ರಾಕ್ಷಾಯಣಮ್ಮನವರ ಅಣ್ಣನ ಮಗಳು ನಯನಾಳ ನಿಶ್ಚಿತಾರ್ಥ. ಅವರು ಸೀರೆ, ಹೂವು, ಲಾಡುಗಳ ತಟ್ಟೆಗಳೊಂದಿಗೆ ಹಿಂದೆ ಕೂತರು. ಕೊಟ್ಟೂರಪ್ಪನವರು ಸ್ಟೇರಿಂಗ್ ಹಿಡಿದರು. ಪರಶುರಾಮ್, ತಾರಿಕ್ ತಳ್ಳಿದರು. ಕ್ಲಚ್ ಬೇಗ ಬಿಟ್ಟದ್ದಕ್ಕೆ ಗಾಡಿ ಎಗರಿ ನಿಂತಿತು, ಲಾಡು ಉರುಳಿದವು. ಮತ್ತೆ ತಳ್ಳಿದರೆ ಸಾಹುಕಾರರು ಹೆದರಿ ಬ್ರೇಕನ್ನೇ ತುಳಿದರು.

"ಥೂ, ನೆಟ್ಟಗೆ ತಳ್ರಲೇ! ಉಂಡ ಮುದ್ದೆ ಎಲ್ಲಿಗೆ ಹೋತು?"

ಪರಶುರಾಮ್ ಹೋಗಿ ಮೋರಿ ಕಟ್ಟೆಯ ಮೇಲೆ ಕೂತ. "ಬ್ಯಾರೆಯೋರ್ನ ಕರೀರಿ. ನಮ್ ಕೈಲಾಗಲ್ಲ."

ದ್ರಾಕ್ಷಾಯಣಮ್ಮ ಬಾಗಿಲು ತೆರೆದರು. "ಏನ್ರೀ, ಇಳೀರಿ ನೀವು. ಆ ತಮ್ಮ ಕುಂದ್ರಲಿ."

"ಅವನಾ? ಈ ಸೀಟಿನ ಮ್ಯಾಲಾ?"

"ಇಲ್ಲಾಂದ್ರೆ ನಡಕಂಡು ಬರ್ರಿ ಹರಿಹರಕ್ಕೆ!"

ಗಂಜಿ ಹಾಕಿದ ಪಂಚೆ ಎತ್ತಿ ಕಟ್ಟಿ ಕೊಟ್ಟೂರಪ್ಪನವರು ಗಾಡಿಯ ಹಿಂದೆ ನಿಂತರು. ಬೀದಿಯ ಗೇಟುಗಳು ಒಂದೊಂದಾಗಿ ತೆರೆದವು.

"ಸೊಂಟ ಬಗ್ಸಿ ಭುಜ ಕೊಡ್ರಿ ಸಾವ್ಕಾರ್ರೆ," ತಾರಿಕ್ ಪಕ್ಕದಿಂದ ಕಲಿಸಿದ. "ಹಾಂ, ಐಸಾ!"

"ಇನ್ನಾ ಜೋರು!" ಒಳಗಿಂದ ಪರಶುರಾಮ್ ಕೂಗಿದ. ದ್ರಾಕ್ಷಾಯಣಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಎಂಜಿನ್ ಗುಡುಗಿ ಎದ್ದು, ಕರಿಹೊಗೆಯನ್ನೆಲ್ಲ ಬಿಳಿ ಪಂಚೆಯ ಮೇಲೆ ಉಗುಳಿತು.

"ಹರಿಹರ ಮುಟ್ಟೋತನಕ ಎಂಜಿನ್ ಬಂದ್ ಆಗಂಗಿಲ್ಲ. ನಾನೇ ಗಾಡಿ ಹೊಡೀತೀನಿ" ಅಂದ ಪರಶುರಾಮ್. ಸಾಹುಕಾರರು ಏದುಸಿರು ಬಿಡುತ್ತ ಪಕ್ಕದ ಸೀಟಿಗೆ ಹತ್ತಿದರು. ತಾರಿಕ್ ಗ್ಯಾರೇಜಿನ ಕಡೆ ಹೊರಟ.

ಹರಿಹರದ ಕಲ್ಯಾಣ ಮಂಟಪದ ಮುಂದೆ ಇಳಿದಾಗ ಸಾಹುಕಾರರು ದನಿ ತಗ್ಗಿಸಿ ಹೇಳಿದರು: "ನೀ ಒಳಗೆ ಬರಬ್ಯಾಡ. ಎಲೆ ಕಟ್ಟಿಸಿ ಕಳಿಸ್ತೀನಿ. ಮರದ ಕೆಳಗೆ ಕುಂತು ಉಣ್ಣು."

ಪರಶುರಾಮ್ ನಲ್ಲಿಯಲ್ಲಿ ಕೈ ತೊಳೆದ. ಉಗುರಿನ ಸಂದಿಯ ಗ್ರೀಸು ಹೋಗಲಿಲ್ಲ. ಮರದ ಕಡೆ ಒಮ್ಮೆ ನೋಡಿದ. ಆಮೇಲೆ ನೆಟ್ಟಗೆ ಊಟದ ಹಾಲಿಗೆ ನಡೆದು, ಕೊಟ್ಟೂರಪ್ಪನವರ ಪಕ್ಕದ ಖಾಲಿ ಎಲೆಯ ಮುಂದೆ ಕೂತ. ಜಾಕ್ ಜಾರಿ ಕಾರು ಎದೆಯ ಮೇಲೆ ಬರುವಂತಾದ ದಿನವೂ ಅವನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಅನ್ನದ ಬಕೆಟ್ ಹಿಡಿದವನು ಬಂದು ನಿಂತ. ಎಲೆ ನೋಡಿದ, ಉಗುರು ನೋಡಿದ, ಸಾಹುಕಾರರ ಮುಖ ನೋಡಿದ. ಪಂಕ್ತಿಯಲ್ಲಿ ಕೈಗಳು ನಿಂತವು.

ಪರಶುರಾಮ್ ಎಲೆಗೆ ನೀರು ಚಿಮುಕಿಸಿ ಒರೆಸಿದ. ಹಾಲಿಗೆಲ್ಲ ಕೇಳುವಂತೆ ಅಂದ:

"ಬಡಿಸ್ರಿ ಅಣ್ಣಾರೆ. ಸಾವ್ಕಾರ್ರೂ ಗಾಡಿ ತಳ್ಳಿ ದಣದಾರೆ. ಇಬ್ರಿಗೂ ಬಡಿಸ್ರಿ."