ಅಕ್ಷರ ಕಿತ್ತ ಜಾಕೆಟ್

ಹತ್ತೊಂಬತ್ತು ವರ್ಷಗಳಲ್ಲಿ ನಾನು ಹದಿನಾಲ್ಕು ಕೋಚ್‌ಗಳನ್ನು ಬೀಳ್ಕೊಟ್ಟಿದ್ದೇನೆ. ಕುವೈತಿನ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಕೋಚ್ ಬದಲಾಗುತ್ತಾನೆ, ಜಾಕೆಟ್ ಬದಲಾಗುವುದಿಲ್ಲ. ಎದೆಯ ಮೇಲಿನ, ಹೆಸರಿನ ಎರಡು ಮೊದಲಕ್ಷರಗಳನ್ನು ಇಸ್ತ್ರಿಯ ಬಿಸಿಯಲ್ಲಿ ಕಿತ್ತು, ಹೊಸಬನ ಅಕ್ಷರ ಅಂಟಿಸಿದರೆ ಆಯಿತು. ಆ ಕೆಲಸ ಲಾಂಡ್ರಿಯ ಈರಯ್ಯನದು. ಆಫೀಸಿನ ಕಾಗದಪತ್ರ ನನ್ನದು.

ಹದಿನೈದನೆಯವನು ಹೋಲ್ಗರ್. ಒಂದು ಕಾಲದಲ್ಲಿ ಜರ್ಮನಿಯ ದೊಡ್ಡ ಕ್ಲಬ್ಬುಗಳಲ್ಲಿ ಆಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆಗಿ ಸೈಪ್ರಸ್, ಒಮಾನ್ ಅಂತ ಸುತ್ತಿ ಸುತ್ತಿ ಇಲ್ಲಿಗೆ ಬಂದು ಮುಟ್ಟಿದ್ದ. ಅಪ್ಪ ಆಡಿದ್ದನ್ನು ಅವನ ಮಗಳು ನೋಡಿರಲಿಲ್ಲ, ಆಡಿಸಿದ್ದನ್ನೂ ನೋಡಿರಲಿಲ್ಲ. ಶುಕ್ರವಾರದ ಪಂದ್ಯಕ್ಕೆ ಮೊದಲ ಸಲ ಬರುವವಳಿದ್ದಳು. ವಿಸಾ ಮಾಡಿಸಿದವನು ನಾನೇ.

ಗುರುವಾರ ಸಂಜೆ ಕ್ಲಬ್ಬಿನ ಅಧ್ಯಕ್ಷರ ಫೋನ್ ಬಂತು. ಚಳಿಗಾಲದ ರಜೆಗೆ ಮರುಭೂಮಿಯಲ್ಲಿ ಟೆಂಟ್ ಹಾಕಿಕೊಂಡಿದ್ದರು. "ಜರ್ಮನ್ ಖಲಾಸ್. ಪತ್ರ ಕೊಡು."

ವಜಾ ಪತ್ರ ಟೈಪ್ ಮಾಡಿದೆ. ಆದರೆ ರಿಜಿಸ್ಟರಿನ ನಂಬರ್ ಹಾಕದೆ ಡ್ರಾಯರಿಗೆ ತುರುಕಿದೆ. ನಂಬರ್ ಬೀಳದ ಪತ್ರ ನಮ್ಮಲ್ಲಿ ಪತ್ರವೇ ಅಲ್ಲ. ಶುಕ್ರವಾರ, ಶನಿವಾರ ಇಲ್ಲಿ ವಾರದ ರಜೆ; ಭಾನುವಾರ ಆಫೀಸು ತೆರೆಯುವವರೆಗೆ ಯಾರೂ ಕೇಳಲಾರರು ಎಂಬ ಧೈರ್ಯ ನನಗೆ.

ಶುಕ್ರವಾರ ಮಧ್ಯಾಹ್ನ ಹೋಲ್ಗರ್ ಜಾಕೆಟ್ ಹಿಡಿದು ನನ್ನ ಟೇಬಲ್ ಮುಂದೆ ನಿಂತ. ಎದೆಯ ಮೇಲೆ ಅಕ್ಷರಗಳಿಲ್ಲ, ಅವುಗಳ ಕಲೆ ಮಾತ್ರ.

ಲಾಂಡ್ರಿಗೆ ಓಡಿದೆ. "ಎಂತ ಮಾರಾಯ ಮಾಡಿದ್ದು ನೀನು?"

"ಹೊಸಾ ಕೋಚಿನ ಹೆಸರು ಅಧ್ಯಕ್ಷರು ವಾಟ್ಸಾಪ್ ಮಾಡಿದ್ರರೀ ಸರ," ಈರಯ್ಯ ಕಣ್ಣು ಕಣ್ಣು ಬಿಟ್ಟ. "ಹೆಸರು ಬಂದ ಕೂಡ್ಲೆ ಹಳೇದು ಕೀಳಂತ ನೀವ ಹೇಳಿದ್ರಲ್ರೀ?"

ಹೌದು, ನಾನೇ ಹೇಳಿದ್ದು. ಯಾರಿಗೆ ಬೈಯಲಿ?

ವಾಪಸು ಬಂದಾಗ ಹೋಲ್ಗರ್ ಕುರ್ಚಿಯಲ್ಲಿ ಕುಸಿದಿದ್ದ. ಸಿಟ್ಟಿರಲಿಲ್ಲ, ಒಂಬತ್ತು ಕ್ಲಬ್ಬುಗಳ ಸುಸ್ತಿತ್ತು. "ನಾನಿನ್ನು ಹೊರಡಲೇ, ಡೆನಿಸ್?"

"ಪತ್ರಕ್ಕೆ ನಂಬರ್ ಬಿದ್ದಿಲ್ಲ ಸರ್. ಇವತ್ತು ನೀವೇ ಕೋಚ್."

ಅವನು ಜಾಕೆಟ್ಟಿನ ಕಲೆಯ ಮೇಲೆ ಬೆರಳಾಡಿಸಿದ. ಆಮೇಲೆ ಹಾಗೆಯೇ ತೊಟ್ಟುಕೊಂಡು ಎದ್ದ.

ಗ್ಯಾಲರಿಯಲ್ಲಿ ಮಗಳು ನನ್ನ ಪಕ್ಕ ಕೂತಿದ್ದಳು. ನಮ್ಮವರು ಆಗಲೇ ಎರಡು ಗೋಲು ಬಿಟ್ಟುಕೊಟ್ಟಿದ್ದರು. ಹೋಲ್ಗರ್ ಮಾತ್ರ ಗೆರೆಯಂಚಿನಲ್ಲಿ ಕುಂಟುತ್ತ, ಕೂಗುತ್ತ ಓಡಾಡುತ್ತಿದ್ದ.

"ಎಲ್ಲರ ಜಾಕೆಟ್ ಮೇಲೂ ಅಕ್ಷರ ಇದೆ. ಅಪ್ಪನದರ ಮೇಲೆ ಯಾಕಿಲ್ಲ?" ಅಂತ ಕೇಳಿದಳು.

"ಅವರು ಯಾರು ಅಂತ ಇಲ್ಲಿ ಎಲ್ಲರಿಗೂ ಗೊತ್ತಮ್ಮ," ಎಂದೆ.

ಅವಳು ಹೆಮ್ಮೆಯಿಂದ ಫೋಟೊ ತೆಗೆದಳು.

ಭಾನುವಾರ ಬೆಳಿಗ್ಗೆ ಪತ್ರಕ್ಕೆ ನಂಬರ್ ಹಾಕಿದೆ.