ಪ್ರಾರ್ಥನೆಗೆ ಕರೆದ ಮನೆ

ಪ್ಲಾಸಿದಾ ಬೇಗನೆ ಬಂದು ಸಮಿತಿಯ ಕೊಠಡಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಆಕ್ಷೇಪಣೆ ಹಾಕಿದವಳು ಅವಳೇ, ಮುಂದೆ ಕೂರಬೇಕಾದವಳೂ ಅವಳೇ. ಆದರೆ ಮುಂದೆ ಕುಳಿತರೆ ಬಾಗಿಲಿನಿಂದ ಬರುವವರಿಗೆ ಮುಖ ಕೊಡಬೇಕಾಗುತ್ತಿತ್ತು.

ದ್ವೀಪದ ಸರ್ಕಾರಿ ಆಸ್ಪತ್ರೆ ಡಯಾಲಿಸಿಸ್ ಕೆಲಸವನ್ನು ಗುತ್ತಿಗೆಗೆ ಕೊಡುವುದಾಗಿ ಟೆಂಡರ್ ಕರೆದಿತ್ತು. ಹಾಕಿದವರು ಇಬ್ಬರೇ. ಒಬ್ಬಳು ಪ್ಲಾಸಿದಾ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಮೀನುಪೇಟೆಯ ಹಿಂದೆ ಸಣ್ಣದೊಂದು ಡಯಾಲಿಸಿಸ್ ಕೇಂದ್ರ ತೆರೆದಿದ್ದಳು. ಇನ್ನೊಬ್ಬಳು ಡಾಕ್ಟರ್ ಕ್ರಿಸಾಂತೊ ಅವರ ಹೆಂಡತಿ ಉರ್ಬಾನಾ. ಅವರ ಕೇಂದ್ರದಲ್ಲಿ ಗಂಡ ರೋಗಿಗಳನ್ನು ನೋಡುತ್ತಿದ್ದರು, ಉಳಿದದ್ದನ್ನೆಲ್ಲ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಉರ್ಬಾನಾಳ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ಧರ್ಮತಾಯಿಯಾಗಿ ನಿಂತವಳು ಪ್ಲಾಸಿದಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿಲ್ಲ. ಅವಳಿಗೆ ಇವಳು ಮಾರೆ, ಇವಳಿಗೆ ಅವಳು ಮಾರೆ; ಹೆತ್ತ ತಾಯಿ, ಧರ್ಮತಾಯಿ ಒಬ್ಬರನ್ನೊಬ್ಬರು ಕರೆಯುವ ನಂಟಿನ ಹೆಸರು ಅದು.

ಕಡಿಮೆ ದರ ಹಾಕಿ ಉರ್ಬಾನಾ ಗೆದ್ದಳು. ಗುತ್ತಿಗೆ ಕೈತಪ್ಪಿದರೆ ತಾನು ಕಲಿಸಿ ಬೆಳೆಸಿದ ನರ್ಸ್ ಹುಡುಗಿಯರು ಒಬ್ಬೊಬ್ಬರಾಗಿ ಸೌದಿಯ ದಾರಿ ಹಿಡಿಯುತ್ತಾರೆ, ಯಂತ್ರಗಳಿಗೆ ಬಟ್ಟೆ ಹೊದಿಸಿ ಬಾಗಿಲು ಎಳೆದುಕೊಳ್ಳುವುದೊಂದೇ ಉಳಿಯುತ್ತದೆ ಎಂದು ಪ್ಲಾಸಿದಾಳಿಗೆ ಗೊತ್ತಿತ್ತು. ಆ ರಾತ್ರಿ ಅವಳು ಅಣ್ಣನ ಮಗ ರೊಡೆಲ್‌ಗೆ ಫೋನ್ ಮಾಡಿದಳು. ಅವನು ವಕೀಲ.

"ಸೋತವರೆಲ್ಲ ಆಕ್ಷೇಪಣೆ ಹಾಕಬಹುದು, ಅತ್ತೆ. ಆದ್ರೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ಷರತ್ತು ಓದಿದ್ರಾ? ತುರ್ತು ಬಂದ್ರೆ ರೋಗಿ ಕುತ್ತಿಗೆಗೆ ಡಾಕ್ಟ್ರೇ ಕೈಯಾರೆ ನಳಿಕೆ ಹಾಕಬೇಕು ಅಂತಿದೆ. ಅವರ ಡಾಕ್ಟ್ರು ಗಟ್ಟಿಯಾಗಿದಾರಾ?"

ಪ್ಲಾಸಿದಾ ಎದ್ದು ಕೋಣೆಯ ಬಾಗಿಲು ಮುಚ್ಚಿದಳು. ಆಮೇಲೆ, "ಅವರ ಬಲಗೈ ನಡುಗತ್ತೆ ಕಣೋ," ಎಂದಳು.

ಹೇಳಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೇ ಮನಸ್ಸಿಗೆ ಹಗುರವಿರುತ್ತಿತ್ತೇನೋ. ಆ ಊರಿನಲ್ಲಿ ಯಾರು ಕಾಯಿಲೆಬಿದ್ದು ಮಲಗಿದರೂ ಒಂಬತ್ತು ಸಂಜೆಯ ಪ್ರಾರ್ಥನೆ ನಡೆಸಲು ಪ್ಲಾಸಿದಾಳನ್ನೇ ಕರೆಯುತ್ತಾರೆ. ಅವಳ ಗಂಟಲು ಚೆಂದ, ಪ್ರಾರ್ಥನೆಗಳೆಲ್ಲ ಬಾಯಿಪಾಠ. ಉರ್ಬಾನಾಳೂ ಕರೆದಿದ್ದಳು. ಕಿಟಕಿ ಮುಚ್ಚಿ, ಕೆಲಸದವಳನ್ನು ಮನೆಗೆ ಕಳಿಸಿ, "ಇವರ ಕೈ ಹೀಗಾಗಿದೆ, ಮಾರೆ. ರೋಗಿಗಳ ಕಿವಿಗೆ ಬಿದ್ರೆ ಒಬ್ಬರೂ ಬರಲ್ಲ. ದೇವರಿಗೆ ಗೊತ್ತು, ಈಗ ನಿಂಗೂ ಗೊತ್ತು," ಎಂದಿದ್ದಳು.

ಟೆಂಡರ್ ತೆರೆದದ್ದು ಆ ಪ್ರಾರ್ಥನೆಯ ಏಳನೆಯ ದಿನ. ಎಂಟನೆಯ ದಿನ ಬೆಳಿಗ್ಗೆ ಪ್ಲಾಸಿದಾ ಆಕ್ಷೇಪಣೆಗೆ ಸಹಿ ಹಾಕಿದಳು. ಸಂಜೆ ಜಪಸರ ಹಿಡಿದು ಎಂದಿನಂತೆ ಅವರ ಮನೆಗೆ ಹೋದಳು. ಒಂಬತ್ತನೆಯ ದಿನವೂ ಹೋದಳು. ನೋಟಿಸು ಅವರ ಕೈ ಸೇರಿದ್ದು ಅದಾದ ಮೇಲೆ.

ಈಗ ಗಂಡ ಹೆಂಡತಿ ಒಳಗೆ ಬಂದರು. ಡಾಕ್ಟರು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು, ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಉರ್ಬಾನಾ ಹಿಂದಿನ ಸಾಲಿನ ಕಡೆ ನೋಡಲಿಲ್ಲ.

ಸಮಿತಿಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಸರ್ಕಾರಿ ಸಭೆಯಾದರೂ ಪ್ರಾರ್ಥನೆಯಿಲ್ಲದೆ ಶುರುವಾಗುವಂತಿಲ್ಲ. ಅವರು ಕೊಠಡಿಯ ಸುತ್ತ ಕಣ್ಣಾಡಿಸಿ, ಯೋಚನೆಯನ್ನೇ ಮಾಡದೆ, "ಪ್ಲಾಸಿದಕ್ಕ ಇದ್ದಾರಲ್ಲ. ನೀವೇ ಹೇಳಿಬಿಡಿ ಅಕ್ಕ," ಎಂದರು.

ಪ್ಲಾಸಿದಾ ಎದ್ದು ನಿಂತಳು. ಎಲ್ಲರೂ ತಲೆ ತಗ್ಗಿಸಿದರು. ಮೊದಲ ಸಾಲುಗಳು ತಾವಾಗಿ ಬಂದವು. ಸಭೆಗೆ ವಿವೇಕ ಕೊಡು, ನಮ್ಮ ಮಾತುಗಳನ್ನು ಕಾಯಿ ಎಂದಳು. ಅದರ ಮುಂದಿನದು ಕಾಯಿಲೆಯವರ ಸಾಲು. ಅಲ್ಲಿಗೆ ಬಂದು ನಾಲಿಗೆ ನಿಂತುಹೋಯಿತು. ಆಗ ಮುಂದಿನ ಮೇಜಿನ ಬಳಿಯಿಂದ, ತಲೆಯೆತ್ತದೆ, ಉರ್ಬಾನಾ ಆ ಸಾಲನ್ನು ಎತ್ತಿಕೊಂಡಳು. "ಕಾಯಿಲೆಯಲ್ಲಿ ಇರುವವರ ಮೇಲೆ ನಿನ್ನ ಕೈ ಇಡು, ಸ್ವಾಮಿ." ಒಂಬತ್ತು ಸಂಜೆ ಕೇಳಿದ್ದಳಲ್ಲ, ಅವಳಿಗೂ ಬಾಯಿಗೆ ಬಂದುಬಿಟ್ಟಿತ್ತು.

"ಆಮೆನ್," ಎಂದಿತು ಸಭೆ. ಪ್ಲಾಸಿದಾಳಿಗೆ ಕುಳಿತುಕೊಳ್ಳುವಾಗ ಕುರ್ಚಿ ಎಲ್ಲಿದೆಯೆಂದು ಕೈಯಿಂದ ತಡವಬೇಕಾಯಿತು.

ಅಧ್ಯಕ್ಷರು ಆಕ್ಷೇಪಣೆಯ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಗೆದ್ದವರ ಡಾಕ್ಟರು ಷರತ್ತಿನ ಕೆಲಸಕ್ಕೆ ದೈಹಿಕವಾಗಿ ಅಸಮರ್ಥರೆಂದು 'ವಿಶ್ವಾಸಾರ್ಹ ಮೂಲ'ದಿಂದ ತಿಳಿದುಬಂದಿದೆ ಎಂದು ಬರೆದಿತ್ತು. ಆ ಮಾತನ್ನು ಹುಡುಕಿ ಹಾಕಿದವನು ರೊಡೆಲ್.

"ಈ ವಿಶ್ವಾಸಾರ್ಹ ಮೂಲ ಯಾರು?" ಅಧ್ಯಕ್ಷರು ಕೇಳಿದರು.

ಪ್ಲಾಸಿದಾ ಮುಂದಿನ ಕುರ್ಚಿಯ ಬೆನ್ನನ್ನೇ ನೋಡುತ್ತಿದ್ದಳು.

"ಹೆಸರಿಲ್ಲದ ಮಾತು ಗಾಳಿಮಾತು," ಎಂದರು ಸಮಿತಿಯ ದಪ್ಪ ಕನ್ನಡಕದ ಹೆಂಗಸು. "ಗಾಳಿಮಾತು ನಂಬಿದ್ರೆ ಈ ಊರಲ್ಲಿ ಗುತ್ತಿಗೆ ಇರಲಿ, ಒಂದು ಮದುವೇನೂ ನಡಿಯಲ್ಲ." ಒಂದಿಬ್ಬರು ನಕ್ಕರು.

"ಕಣ್ಣಾರೆ ಕಂಡೆ ಅನ್ನಿ, ಅತ್ತೆ," ಪಕ್ಕದಲ್ಲಿ ಕುಳಿತಿದ್ದ ರೊಡೆಲ್ ಪಿಸುಗುಟ್ಟಿದ. "ಎಲ್ಲಿ, ಯಾವಾಗ, ಅಷ್ಟೇ. ಮುಗೀತು."

ಎಲ್ಲಿ ಎಂದು ಹೇಳುವುದು? ಮುಚ್ಚಿದ ಕಿಟಕಿಯ ಒಳಗೆ, ಮೊಣಕಾಲೂರಿ, ಡಾಕ್ಟರ ಹಣೆಯ ಮೇಲೆ ಕೈಯಿಟ್ಟಿದ್ದಾಗ ಎಂದೇ? ಪ್ಲಾಸಿದಾ ಎದ್ದಳು. "ನಾನು ಅರ್ಜಿ ವಾಪಸ್ ತಗೋತೀನಿ," ಎಂದಳು. ಅವಳ ಸ್ವರ ಅವಳಿಗೇ ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳಿ," ಎಂದರು ಅಧ್ಯಕ್ಷರು.

ಅವಳು ಮತ್ತೆ ಹೇಳುವಷ್ಟರಲ್ಲಿ ಡಾಕ್ಟರ್ ಕ್ರಿಸಾಂತೊ ಎದ್ದು ನಿಂತಿದ್ದರು. ಉರ್ಬಾನಾ ಅವರ ಅಂಗಿಯ ತುದಿ ಹಿಡಿದೆಳೆದಳು. "ಕೂತ್ಕೊಳ್ರೀ. ವಾಪಸ್ ತಗೋತಾಳಂತೆ."

"ಬಿಡು," ಎಂದರು ಅವರು. ಜೇಬಿನಿಂದ ಕೈ ತೆಗೆದು ಮೇಜಿನ ಮೇಲೆ ಇಟ್ಟರು. ಅದು ಮೇಜಿನ ಮೇಲೆ ತನ್ನ ಪಾಡಿಗೆ ತಾನು ಕುಟ್ಟುತ್ತಿತ್ತು. "ಪ್ಲಾಸಿದಾ ಕಂಡಿದ್ದು ನಿಜ. ನಮ್ಮ ಮನೇಲೇ ಕಂಡಿದ್ದು. ನನಗೋಸ್ಕರ ಪ್ರಾರ್ಥನೆ ಮಾಡೋಕೆ ಬಂದಿದ್ಲು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಗೆ ಕಾಯಿಲೆಯ ಹೆಸರು ಹೇಳುವ ಹಾಗೆ ಹೇಳಿದರು. "ಈ ಕೈಯಲ್ಲಿ ಕುತ್ತಿಗೆಗೆ ನಳಿಕೆ ಹಾಕಬಾರದು. ನಾನೇ ಮುಂಚೆ ಹೇಳಬೇಕಿತ್ತು."

ಕೊಠಡಿಯಲ್ಲಿ ಯಾರೂ ಅವರ ಕೈಯನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಪ್ಲಾಸಿದಾಳ ಮೇಲಿದ್ದವು. ದಪ್ಪ ಕನ್ನಡಕದ ಹೆಂಗಸು, ಕಳೆದ ವರ್ಷ ತಮ್ಮ ತಾಯಿಗಾಗಿ ಪ್ರಾರ್ಥಿಸಲು ಅವಳನ್ನು ಮನೆಗೆ ಕರೆಸಿಕೊಂಡವರು, ಕನ್ನಡಕ ತೆಗೆದು ಒರೆಸತೊಡಗಿದರು.

"ನಾನು ವಾಪಸ್ ತಗೊಂಡೆ," ಪ್ಲಾಸಿದಾ ಮತ್ತೆ ಹೇಳಿದಳು.

"ತಗೊಂಡ್ರೂ ಕೇಳಿದ್ದನ್ನ ಕೇಳಿಲ್ಲ ಅನ್ನೋಕಾಗಲ್ಲ ಅಕ್ಕ," ಎಂದರು ಅಧ್ಯಕ್ಷರು. "ಡಾಕ್ಟ್ರೇ ಒಪ್ಪಿದ್ದಾರೆ. ಅವರ ಟೆಂಡರ್ ನಿಲ್ಲಲ್ಲ. ಮುಂದಿನದು ನಿಮ್ಮದೇ."

ರೊಡೆಲ್ ಅವಳ ಭುಜ ತಟ್ಟಿದ. ಅವಳು ಭುಜ ಸರಿಸಿಕೊಂಡಳು.

ಹೊರಗೆ ಬಿಸಿಲು ನೆತ್ತಿಗೇರಿತ್ತು. ಗೇಟಿನ ಹತ್ತಿರ ಬೈಕಿಗೆ ತೊಟ್ಟಿ ಜೋಡಿಸಿದ ಬಾಡಿಗೆ ಗಾಡಿ ನಿಂತಿತ್ತು. ಡಾಕ್ಟರು ಎಡಗೈಯಿಂದ ಕಂಬಿ ಹಿಡಿದು ಹತ್ತಿ ಕುಳಿತರು. ಉರ್ಬಾನಾ ಹತ್ತದೆ ನಿಂತಳು, ಪ್ಲಾಸಿದಾ ಹತ್ತಿರ ಬರುವವರೆಗೂ ಕಾದಳು.

"ಅರ್ಜೀಲಿ ತಾರೀಖು ನೋಡ್ದೆ," ಎಂದಳು. "ಅದಾದ ಮೇಲೂ ನಮ್ಮನೆಗೆ ಬಂದಿದೀಯ. ಎರಡು ಸಲ."

"ಬಂದೆ."

"ಯಾಕೆ ಬಂದೆ? ಇನ್ನೂ ಏನಾದ್ರೂ ಸಿಗಬಹುದು ಅಂತಾನಾ?"

"ಅಲ್ಲ ಮಾರೆ." ಪ್ಲಾಸಿದಾ ನೆಲ ನೋಡುತ್ತಿದ್ದಳು. "ಹಿಡಿದ ಪ್ರಾರ್ಥನೆ ಅರ್ಧಕ್ಕೆ ಬಿಟ್ರೆ ಅವರಿಗೆ ಒಳ್ಳೇದಾಗಲ್ಲ ಅಂತ."

ಉರ್ಬಾನಾ ಅವಳ ಮುಖವನ್ನೇ ನೋಡಿದಳು. ಆ ಮಾತು ನಿಜವೆಂದು ಅವಳಿಗೆ ತಿಳಿಯಿತು. ಸುಳ್ಳು ಹೇಳಿದ್ದರೆ ಬೈದು ಹೋಗುತ್ತಿದ್ದಳು. ಈಗ ಬೈಯದೆ ಗಾಡಿ ಹತ್ತಿ ಗಂಡನ ಪಕ್ಕದಲ್ಲಿ ಕುಳಿತಳು.

ಗಾಡಿಯವನು ಇಬ್ಬರನ್ನೂ ಬಲ್ಲವನು. ಬೈಕಿನ ಹಿಂದಿನ ಸೀಟನ್ನು ಕೈಯಿಂದ ಒರೆಸಿ, "ನೀವೂ ಬನ್ನಿ ಪ್ಲಾಸಿದಕ್ಕ, ಒಂದೇ ಬೀದಿ ಅಲ್ವಾ. ಜಾಗ ಇದೆ," ಎಂದ.

"ಜಾಗ ಇಲ್ಲ," ಎಂದಳು ಉರ್ಬಾನಾ. "ನಡಿ."

ಗಾಡಿ ತಿರುಗಿಸಲು ಅವನಿಗೆ ಅಡ್ಡವಾಗಿದ್ದವಳು ಪ್ಲಾಸಿದಾ. ಅವಳು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು.