ಟಗರು ಕಂಪ್ಯೂಟರಿನದಂತೆ

"ದೂರ ಸರಿ, ಭೀಮಶಾ. ಭಂಡಾರ ಮುಟ್ಟಬ್ಯಾಡ. ದೇವರ ಟಗರ ಕಟುಕಗ ಮಾರ್ಕೊಂಡು ತಿಂದ ಕೈ ಅದು."

ಬೀರಪ್ಪನ ಗುಡಿಯ ಮುಂದೆ, ಇಡೀ ಹಟ್ಟಿಯ ಎದುರಿಗೆ, ಹಿರಿಯ ಅಮೋಘಸಿದ್ಧ ನನ್ನ ಅಪ್ಪನಿಗೆ ಹೀಗೆಂದ. ಅಪ್ಪ ಒಡ್ಡಿದ ಅಂಗೈಯನ್ನು ಹಿಂದಕ್ಕೆ ತೆಗೆದು ಧೋತರಕ್ಕೆ ಒರೆಸಿಕೊಂಡ. ಎರಡು ವರ್ಷದಿಂದ ಇದೇ ಹಣೆಬರಹ. ಎಲ್ಲರ ಹಣೆಗೂ ಅರಿಶಿನದ ಭಂಡಾರ, ನಮಗೆ ಬೈಗುಳ. ಅಪ್ಪ ಡೊಳ್ಳು ಮುಟ್ಟುವಂತಿಲ್ಲ. ನಮ್ಮ ಕುರಿಗಳ ಜೊತೆ ಯಾರೂ ತಮ್ಮ ಕುರಿ ಬಿಡುವುದಿಲ್ಲ.

ಅವ್ವ ಮಾಳಮ್ಮ ಏನೋ ಹೇಳಲು ಹೋದಳು. "ಸುಮ್ನಿರು. ಸಿನಿಮಾ ಬರಲಿ," ಅಂದ ಅಪ್ಪ.

ನಮ್ಮಲ್ಲಿ ಬೀರಪ್ಪನ ಹೆಸರಿನಲ್ಲಿ ಬಿಟ್ಟ ಟಗರಿನ ಉಣ್ಣೆ ಕತ್ತರಿಸುವುದಿಲ್ಲ, ಕಿವಿಗೆ ಗುರುತು ಹಾಕುವುದಿಲ್ಲ, ಕೊರಳಿಗೆ ಹಗ್ಗ ಬಿಗಿಯುವುದಿಲ್ಲ. ಸಾಯುವ ತನಕ ಅದು ಒಬ್ಬರ ಹಿಂಡಿನಲ್ಲಿ ಮೇಯುತ್ತದೆ, ಜವಾಬ್ದಾರಿ ಕಾಯುವವನದು. ನಮ್ಮ ಪಾಲಿಗೆ ಬಂದದ್ದು ಕರಿ ಮುಖದ ಟಗರು. ಮೊಣಕಾಲು ಮುಚ್ಚುವಷ್ಟು ಬೆಳೆದ ಅದರ ಉಣ್ಣೆಯೇ ಪುಣೆಯ ಸಿನಿಮಾದವರ ಕಣ್ಣಿಗೆ ಬಿತ್ತು.

ಅವರನ್ನು ಕರೆತಂದವನು ಸೋಮೇಶ್ವರ, ನಮ್ಮ ಮನೆಗಳಿಗೆ ಪೂಜೆಗೆ ಬರುವ ಪಂಚಯ್ಯನವರ ಮಗ. ನನಗಿಂತ ನಾಲ್ಕು ವರ್ಷ ದೊಡ್ಡವನು ಅಷ್ಟೇ. ಆದರೂ ಅಪ್ಪ ಅವನ ಕಾಲು ಮುಟ್ಟಬೇಕು, ಅವನು ಅಪ್ಪನನ್ನು ಏಕವಚನದಲ್ಲಿ ಕರೆಯಬೇಕು.

"ಸಣ್ಣ ಹುಡುಗರ ಸಿನಿಮಾ, ಭೀಮಶಾ. ಮಾತಾಡೋ ಟಗರಿನ ಕಥಿ. ಟಗರ ಕಂಪ್ಯೂಟರದಾಗ ಮಾಡ್ತಾರ. ಖರೇ ಟಗರ ಹ್ಯಾಂಗ ನಡೀತದ, ಹ್ಯಾಂಗ ಜಿಗೀತದ, ಕೂದಲ ಹ್ಯಾಂಗ ಅಲಗ್ತದ, ಇಷ್ಟು ನೋಡ್ಕೋತಾರ. ಕಡೀಗಿ ಪಡದಿ ಮ್ಯಾಲ ಬೀರಪ್ಪನ ಹೆಸರು, ನಿನ್ನ ಹೆಸರು ಬರ್ತದ."

"ನಿಮ್ಮ ಮಾತಿನ ಮ್ಯಾಲ ನಂಬಿಗಿ, ಅಯ್ಯನೋರ," ಅಂದ ಅಪ್ಪ.

ಇಂಗ್ಲಿಷಿನ ಕರಾರು ಕಾಗದವನ್ನು ನನ್ನ ಕೈಗೆ ಕೊಟ್ಟರು. ಮಹಾರಾಷ್ಟ್ರದ ಉದಗೀರದ ಕಾಲೇಜಿನಲ್ಲಿ ಬಿ.ಎ. ಓದುವ ಸಾರಿಕಾ ನಾನು, ಜಂಭ ಬೇರೆ. ಕಾಲುಭಾಗ ತಿಳಿಯಿತು. ತಿಳಿಯಲಿಲ್ಲ ಅನ್ನಲು ನಾಚಿಕೆಯಾಗಿ, ಸಹಿ ಮಾಡಪ್ಪ ಅಂದೆ. ಶೂಟಿಂಗಿನ ವಿಷಯ ಎಂದೂ ಯಾರಿಗೂ ಹೇಳುವಂತಿಲ್ಲ ಎಂದು ಅದರಲ್ಲಿತ್ತು. ಆ ಸಾಲನ್ನು ಸೋಮೇಶ್ವರ ಬಿಡಿಸಿ ಹೇಳಿದ್ದು ಟಗರು ಸತ್ತ ಮೇಲೆ.

ಕಾಸಾರಶಿರಸಿಯ ಆಚೆ ಪಾಳುಬಿದ್ದ ಕಲ್ಲಿನ ಖಣಿಯಲ್ಲಿ ಎರಡಾಳು ಎತ್ತರಕ್ಕೆ ಹಲಗೆ ಕಟ್ಟಿ, ಕೆಳಗೆ ಬಲೆ ಬಿಗಿದಿದ್ದರು. ಸುತ್ತ ಹದಿನಾರು ಕ್ಯಾಮೆರಾ. ಟಗರು ತಾನಾಗಿ ಜಿಗಿಯಬೇಕು, ತಳ್ಳಿದರೆ ಜಿಗಿದ ಹಾಗೆ ಕಾಣುವುದಿಲ್ಲವಂತೆ.

"ನೀ ಕರಿ, ಭೀಮಶಾ. ನೀ ಕರದ್ರ ಬರ್ತದ," ಅಂದ ಸೋಮೇಶ್ವರ.

ಅಪ್ಪ ಬಲೆಯ ಆಚೆ ನಿಂತು ನಾಲಿಗೆ ಮಡಚಿ ಕರೆದ. ಬಂತು. ಆರು ಸಲ ಬಂತು. ಏಳನೆಯ ಸಲ ಹಲಗೆಯ ತುದಿಯಲ್ಲಿ ನಿಂತು ಮುಂಗಾಲು ಹಿಂದಿಟ್ಟಿತು.

"ಸಾಕ್ರಿ. ಅದಕ್ಕ ಅಂಜಿಕಿ ಬಂದದ," ಅಂದ ಅಪ್ಪ.

ಪುಣೆಯ ಸಾಹೇಬ ಹಿಂದಿಯಲ್ಲಿ ಏನೋ ಅಂದ. ಸೋಮೇಶ್ವರ ನಗುತ್ತ ತಿಳಿಸಿದ: "ಅವರಿಗಿ ಆ ಅಂಜಿಕಿನೇ ಬೇಕಂತ. ಇನ್ನೊಮ್ಮಿ ಕರಿ."

ಅಪ್ಪ ಕರೆದ. ಟಗರು ಬೆದರಿ ಅಡ್ಡ ಜಿಗಿದು, ಬಲೆಯ ಕಬ್ಬಿಣದ ಕಂಬಕ್ಕೆ ಬಡಿದು ಕುತ್ತಿಗೆ ಮುರಿದುಕೊಂಡಿತು. ಕ್ಯಾಮೆರಾಗಳನ್ನು ಆಗಲೂ ಯಾರೂ ನಿಲ್ಲಿಸಲಿಲ್ಲ.

ಅಲ್ಲೇ ಮಣ್ಣು ಮಾಡಿದೆವು. ದೇವರ ಟಗರಿನ ತೊಗಲು ಸುಲಿಯುವಂತಿಲ್ಲ, ಕೊಂಬು ತೆಗೆಯುವಂತಿಲ್ಲ. ಮಳೆಗಾಲದಲ್ಲಿ ಖಣಿಗೆ ನೀರು ತುಂಬಿ ಆ ಜಾಗವೂ ಮುಳುಗಿತು. ಹೀಗಾಗಿ ಊರಿಗೆ ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ.

"ಈಗ ಬಾಯಿ ಬಿಟ್ಟರ ಜೇಲಿಗಿ ಹೋಗ್ತಿ. ಸಿನಿಮಾ ಬಂದಿಂದ ಊರೇ ನೋಡ್ತದ," ಅಂದ ಸೋಮೇಶ್ವರ. ಅಯ್ಯನ ಬಾಯಿಂದ ಸುಳ್ಳು ಬರುವುದಿಲ್ಲ ಎಂದು ಅಪ್ಪ ನಂಬಿದ. ಎರಡು ವರ್ಷ ಕಳ್ಳ ಅನ್ನಿಸಿಕೊಂಡ.

ಕಡೆಗೂ ಸಿನಿಮಾ ಬಂತು. ಉದಗೀರದ ಟಾಕೀಜಿನಲ್ಲಿ ಶಾಲೆಯ ಮಕ್ಕಳಿಗೆಂದು ಮುಂಜಾನೆಯ ಆಟ. ಅಪ್ಪ ಅಮೋಘಸಿದ್ಧನ ಕೈಕಾಲು ಹಿಡಿದು, ಟಗರು ಸತ್ತದ್ದು ಸಿನಿಮಾದವರ ಕೈಯಲ್ಲಿ, ಕಣ್ಣಾರೆ ನೋಡು ಬಾ ಎಂದು ಬಸ್ಸು ಹತ್ತಿಸಿದ.

ಪರದೆಯ ಮೇಲೆ ಟಗರು ಬಂತು. ಅದೇ ಕರಿ ಮುಖ, ಅದೇ ಉಣ್ಣೆ, ಬಲಕ್ಕೆ ನೋಡುವಾಗ ಎಡಗಿವಿ ಮಡಚುವ ಅದೇ ಚಾಳಿ. ರಾಜಕುಮಾರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಮರಾಠಿ ಮಾತಾಡುತ್ತಿತ್ತು. ಮೋಡದೊಳಗಿನ ಗುಡ್ಡದ ತುದಿಗೆ ಬಂದು ಮುಂಗಾಲು ಹಿಂದಿಟ್ಟಿತು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅಮೋಘಸಿದ್ಧ ಅಪ್ಪನ ತೊಡೆ ಹಿಡಿದ. "ನಮ್ಮದು, ಭೀಮಶಾ. ಖರೇನೇ ನಮ್ಮದು ಇದು. ನಂದು ತಪ್ಪಾಗ್ಯಾದ, ತಮ್ಮಾ."

ಕುರಿ ಕಾದವನು ಕುರಿಯ ಮುಖ ಮರೆಯುವುದಿಲ್ಲ. ಎರಡು ವರ್ಷದ ಮೇಲೆ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ.

ಆಮೇಲೆ ಹೆಸರುಗಳು ಬಂದವು. ಒಂದೂ ಬಿಡದೆ ಓದಿದೆ. ಅಪ್ಪನದಿರಲಿಲ್ಲ, ಬೀರಪ್ಪನದೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ಮರಾಠಿಯ ದೊಡ್ಡ ಅಕ್ಷರ: ಈ ಚಿತ್ರಕ್ಕೆ ಜೀವಂತ ಪ್ರಾಣಿಯೊಂದನ್ನೂ ಬಳಸಿಲ್ಲ, ಎಲ್ಲವೂ ಕಂಪ್ಯೂಟರಿನ ಕಲೆ. ಮಕ್ಕಳು ಚಪ್ಪಾಳೆ ತಟ್ಟಿದರು. ಓದಿ ಹೇಳು ಅಂದ ಅಪ್ಪ. ಹೇಳಿದೆ.

ದೀಪ ಹತ್ತಿತು. ಪರದೆಯ ಕೆಳಗಿನ ಕಟ್ಟೆಯ ಮೇಲೆ ಸಿನಿಮಾದವರ ಪರವಾಗಿ ಸೋಮೇಶ್ವರ ಮೈಕು ಹಿಡಿದು ನಿಂತಿದ್ದ. ನಮ್ಮನ್ನು ಕಂಡವನೇ ಅಮೋಘಸಿದ್ಧನನ್ನು ಮೇಲೆ ಕರೆದು ಶಾಲು ಹೊದಿಸಿದ.

"ಅಜ್ಜಾ, ನೀವು ಹುಟ್ಟಾ ಕುರಿ ಕಾದೋರು. ಹೇಳ್ರಿ, ಈ ಕಂಪ್ಯೂಟರದ ಟಗರ ಖರೇದರ ಹಂಗೇ ಅದ ಇಲ್ಲೋ?"

ಮುದುಕ ನಮ್ಮತ್ತ ನೋಡಿದ. ಶಾಲಿನ ಅಂಚು ಸವರಿದ.

"ಹೌದ್ರಿ, ಅಯ್ಯನೋರ. ಥೇಟ್ ಖರೇದರ ಹಂಗೇ ಅದ."

ಸೂಳೆಮಗ. ಈಗಷ್ಟೇ ತೊಡೆ ಹಿಡಿದು ತಪ್ಪಾಗಿದೆ ಅಂದಿದ್ದ.

ಅಪ್ಪ ಎದ್ದು ಹೋಗಿ ಕಟ್ಟೆ ಹತ್ತಿದ. ಸೋಮೇಶ್ವರ ಮೈಕು ಮುಚ್ಚಿ ಹಲ್ಲು ಕಡಿದ: "ಇಳಿ ಭಾಡ್ಯಾ. ಸಹಿ ಮಾಡೀದಿ, ನೆನಪದ ಇಲ್ಲ?" ಅಪ್ಪ ಅವನ ಕೈಯಿಂದ ಮೈಕು ಕಿತ್ತುಕೊಂಡು ಮಕ್ಕಳ ಕಡೆ ತಿರುಗಿ, ಅವರ ಮರಾಠಿಯಲ್ಲೇ ಹೇಳಿದ:

"ಮಕ್ಕಳ್ರಾ, ಆ ಟಗರ ಖರೇದಿತ್ತು. ಅದಕ್ಕ ಕರದಾಂವ ನಾನೇ. ಅದು ಅಂಜಿತ್ತು, ನನಗ ತಿಳದಿತ್ತು, ಆದ್ರೂ ಕರದೆ. ಕುತಗಿ ಮುರದು ಸತ್ತದ. ನಾ ಮಾರಿಲ್ಲ. ಕೊಂದೀನಿ."

ಯಾರೋ ಮೈಕು ಬಂದ್ ಮಾಡಿದರು. ಮೂರು ಹೊಲದಾಚೆಯ ಕುರಿಗೆ ಕೇಳುವ ಗಂಟಲಿಗೆ ಮೈಕು ಯಾಕೆ? ಅಪ್ಪ ಮೊದಲಿನಿಂದ ಮತ್ತೆ ಹೇಳಿದ. ಟಾಕೀಜಿನ ಇಬ್ಬರು ಆಳುಗಳು ಓಡಿ ಬಂದರು. ನಾನೂ ಅವ್ವನೂ ಮೆಟ್ಟಿಲಿಗೆ ಅಡ್ಡ ನಿಂತೆವು. "ಮುಟ್ಟು ನೋಡೂಣು, ಹಾಟ್ಯಾ," ಅಂದಳು ಅವ್ವ.

ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಕಾಕಾ, ಸಿನಿಮಾದಾಗ ಅದು ಕಡೀಗಿ ಮನಿಗಿ ಹೋಯ್ತಲ್ಲ?"

"ಇಲ್ಲ ಕೂಸೇ. ಸತ್ತದ."

ಹುಡುಗಿ ಜೋರಾಗಿ ಅಳತೊಡಗಿದಳು. ಪಕ್ಕದವಳೂ ಅತ್ತಳು. ಮಾಸ್ತರುಗಳು ಮಕ್ಕಳ ರೆಟ್ಟೆ ಹಿಡಿದು ಬಾಗಿಲ ಕಡೆ ಎಳೆದರು.

"ಕೂಸುಗಳಿಗಿ ಅಳಸ್ಲಿಕತ್ತೀದಿ, ನಾಚಿಕಿ ಬರಲ್ಲೇನು ನಿನಗ?" ಸೋಮೇಶ್ವರ ಚೀರಿದ.

"ಅಳಲಿ ಬಿಡೋ, ಸೋಮ್ಯಾ," ಅಂದ ಅಪ್ಪ. "ಅದರ ಸಲವಾಗಿ ಯಾರರೆ ಅಳಲಿ."